ಸರ್ವರ್ ಬಲ್ಲವರು ಬಿಟ್ಟು ಹೋದ ಮೇಲೆ

ಪ್ರಶ್ನೆ: ನಮ್ಮದು ಆರು ಜನರ ತಂಡ. ಉಬುಂಟು (ಲಿನಕ್ಸ್‌ನ ಒಂದು ಬಗೆ) ಸರ್ವರ್, ಸೈಟ್ ತಲುಪಿಸಲು ಎಂಜಿನ್‌ಎಕ್ಸ್, ಡೇಟಾಬೇಸ್‌ಗೆ ಪೋಸ್ಟ್‌ಗ್ರೆಸ್. ಎಲ್ಲ ಗೊತ್ತಿದ್ದ ಹಿರಿಯರು ಬೇರೆ ಕೆಲಸಕ್ಕೆ ಹೋದರು. ಮೊನ್ನೆ ಡಿಸ್ಕ್ ತುಂಬಿ ಸೈಟ್ ನಿಂತಿತು. ದೊಡ್ಡ ಲಾಗ್ ಫೈಲ್ (ಪ್ರೋಗ್ರಾಂ ತನ್ನ ಕೆಲಸವನ್ನು ದಾಖಲಿಸುವ ಫೈಲ್) ಅಳಿಸಿದರೂ ಜಾಗ ಖಾಲಿಯಾಗಲಿಲ್ಲ. ಸರ್ವರ್ ರೀಸ್ಟಾರ್ಟ್ ಮಾಡಿದ ಮೇಲೆ ಸರಿಹೋಯಿತು. ಯಾಕೆ ಹೀಗೆ? ಇನ್ನು ಮುಂದೆ ಏನೇನು ಬರೆದಿಡಬೇಕು? — ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ಲಿನಕ್ಸ್‌ನಲ್ಲಿ ಫೈಲ್ ಅಳಿಸಿದರೆ ಮೊದಲು ಹೋಗುವುದು ಅದರ ಹೆಸರು ಮಾತ್ರ. ಯಾವುದೋ ಪ್ರೋಗ್ರಾಂ ಆ ಫೈಲನ್ನು ತೆರೆದಿಟ್ಟುಕೊಂಡು ಬರೆಯುತ್ತಲೇ ಇದ್ದರೆ ಜಾಗ ಬಿಡುಗಡೆ ಆಗುವುದಿಲ್ಲ. ‘ಡಿಎಫ್’ (df) ಕಮಾಂಡ್ ಡಿಸ್ಕ್ ತುಂಬಿದೆ ಅನ್ನುತ್ತದೆ, ಫೈಲ್‌ಗಳ ಗಾತ್ರ ಕೂಡಿಸುವ ‘ಡಿಯು’ (du) ಕೊಟ್ಟರೆ ಅಷ್ಟೊಂದು ಫೈಲೇ ಕಾಣುವುದಿಲ್ಲ. ಇವೆರಡರ ಲೆಕ್ಕ ತಾಳೆಯಾಗದಿದ್ದರೆ ತೆರೆದಿರುವ ಫೈಲ್‌ಗಳ ಪಟ್ಟಿ ಕೊಡುವ ‘ಎಲ್‌ಎಸ್‌ಒಎಫ್’ (lsof) ಓಡಿಸಿ, ‘ಡಿಲೀಟೆಡ್’ ಎಂದು ಗುರುತಾದ ಸಾಲುಗಳನ್ನು ಹುಡುಕಿ. ಯಾವ ಪ್ರೋಗ್ರಾಂ ಹಿಡಿದುಕೊಂಡಿದೆ ಅಂತ ಅಲ್ಲೇ ಸಿಗುತ್ತದೆ. ಆ ಒಂದನ್ನು ರೀಸ್ಟಾರ್ಟ್ ಮಾಡಿದರೆ ಸಾಕು, ಇಡೀ ಸರ್ವರ್ ಬೇಕಿಲ್ಲ. ಮುಂದಿನ ಸಲ ಲಾಗ್ ಅಳಿಸಬೇಡಿ, ‘ಟ್ರಂಕೇಟ್’ ಮಾಡಿ. ಫೈಲ್ ಅಲ್ಲೇ ಇರುತ್ತದೆ, ಒಳಗಿನದ್ದು ಮಾತ್ರ ಖಾಲಿ.

ಕಾಯಂ ಪರಿಹಾರ ಲಾಗ್‌ರೊಟೇಟ್, ಅಂದರೆ ಲಾಗ್‌ಗಳನ್ನು ಆಗಾಗ ಬದಲಿಸಿ ಹಳೆಯದನ್ನು ತೆಗೆಯುವ ಪ್ರೋಗ್ರಾಂ. ಉಬುಂಟುವಿನಲ್ಲಿ ಎಂಜಿನ್‌ಎಕ್ಸ್ ಹಾಕಿದಾಗ ಅದರ ಲಾಗ್‌ಗಳಿಗೆ ಈ ವ್ಯವಸ್ಥೆ ತಾನಾಗಿಯೇ ಬರುತ್ತದೆ. ನಿಮ್ಮ ಅಪ್ಲಿಕೇಶನ್ ಬೇರೆ ಫೋಲ್ಡರ್‌ನಲ್ಲಿ ಬರೆಯುವ ಲಾಗ್‌ಗೆ ಬರುವುದಿಲ್ಲ, ಅದನ್ನು ನೀವೇ ಸೇರಿಸಬೇಕು. ಅಪ್ಲಿಕೇಶನ್‌ಗಳನ್ನು ಪ್ರತ್ಯೇಕ ಕಂಟೇನರ್‌ಗಳಲ್ಲಿ ಓಡಿಸುವ ಡಾಕರ್ ಬಳಸುತ್ತಿದ್ದರೆ ಅದನ್ನೂ ನೋಡಿ. ಮಿತಿ ಹಾಕದಿದ್ದರೆ ಅದರ ಲಾಗ್ ಬೆಳೆಯುತ್ತಲೇ ಇರುತ್ತದೆ.

ಒಂದು ಎಚ್ಚರಿಕೆ. ಜಾಗ ಹುಡುಕುವ ಗಡಿಬಿಡಿಯಲ್ಲಿ ಪೋಸ್ಟ್‌ಗ್ರೆಸ್‌ನ ‘ಪಿಜಿ ವಾಲ್’ (pg_wal) ಫೋಲ್ಡರ್‌ಗೆ ಕೈ ಹಾಕಬೇಡಿ. ಅದರಲ್ಲಿ ಇರುವುದು ಸುಮ್ನೆ ಓದುವ ಲಾಗ್ ಅಲ್ಲ, ಡೇಟಾಬೇಸ್ ಮತ್ತೆ ಎದ್ದು ನಿಲ್ಲಲು ಬೇಕಾದ ದಾಖಲೆ. ಮೊದಲು ಇದರ ಹೆಸರು ‘ಪಿಜಿ ಎಕ್ಸ್‌ಲಾಗ್’ ಅಂತಿತ್ತು. ಲಾಗ್ ತಾನೇ ಅಂದುಕೊಂಡು ಅಳಿಸಿ ಡೇಟಾಬೇಸ್ ಕಳೆದುಕೊಂಡವರು ಇದ್ದರು. 2017ರಲ್ಲಿ ಬಂದ 10ನೇ ಆವೃತ್ತಿಯಲ್ಲಿ ಹೆಸರನ್ನೇ ಬದಲಾಯಿಸಿದರು.

ಈಗ ಬರೆದಿಡುವ ವಿಷಯ. ಇಡೀ ಸಿಸ್ಟಂ ಬಗ್ಗೆ ಐವತ್ತು ಪುಟದ ದಾಖಲೆಗೆ ಕೂರಬೇಡಿ, ಅದು ಮುಗಿಯುವುದಿಲ್ಲ. ಮೊನ್ನೆ ಆದದ್ದನ್ನು ಇವತ್ತೇ ಬರೆಯಿರಿ. ಶೀರ್ಷಿಕೆ ‘ಎಂಜಿನ್‌ಎಕ್ಸ್ ವ್ಯವಸ್ಥೆ’ ಅಂತ ಬೇಡ. ರಾತ್ರಿ ಎರಡು ಗಂಟೆಗೆ ಫೋನ್ ಬಂದವರ ಕಣ್ಣಿಗೆ ಏನು ಕಾಣುತ್ತದೋ ಅದೇ ಶೀರ್ಷಿಕೆ. ನನ್ನ ಪ್ರಕಾರ ಹೀಗಿರಲಿ:

‘ಸೈಟ್ ತೆರೆದರೆ 502 ಬರ್ತಿದೆ. ಅಂದರೆ ಎಂಜಿನ್‌ಎಕ್ಸ್ ಬದುಕಿದೆ, ಹಿಂದಿನ ಅಪ್ಲಿಕೇಶನ್ ಉತ್ತರ ಕೊಡ್ತಿಲ್ಲ. ಮೊದಲು ಡಿಸ್ಕ್ ನೋಡಿ, ಕಮಾಂಡ್ ಇದು. ಶೇ 95 ದಾಟಿದ್ದರೆ ಕೆಳಗಿನ ಎರಡನೇ ಭಾಗಕ್ಕೆ ಹೋಗಿ. ಇಲ್ಲದಿದ್ದರೆ ಅಪ್ಲಿಕೇಶನ್ ಲಾಗ್‌ನ ಕೊನೆಯ ನೂರು ಸಾಲು ಓದಿ. ಡೇಟಾಬೇಸ್ ಫೋಲ್ಡರ್ ಮುಟ್ಟಬೇಡಿ. ಅರ್ಧ ಗಂಟೆಯಲ್ಲಿ ಸರಿಯಾಗದಿದ್ದರೆ ಇವರಿಗೆ ಫೋನ್ ಮಾಡಿ.’

ಕಮಾಂಡನ್ನು ವಿವರಿಸುತ್ತಾ ಕೂರಬೇಡಿ, ಕಾಪಿ ಮಾಡಿ ಓಡಿಸುವ ಹಾಗೆ ಪೂರ್ತಿ ಬರೆಯಿರಿ. ಓಡಿಸಿದರೆ ಏನು ಕಾಣಬೇಕು ಅನ್ನುವುದನ್ನೂ ಸೇರಿಸಿ. ಇದು ಕೋಡ್ ಇರುವ ಗಿಟ್ ರೆಪೊದಲ್ಲೇ ಇರಲಿ, ಆದರೆ ಪಾಸ್‌ವರ್ಡ್ ಮಾತ್ರ ಅಲ್ಲಿ ಬೇಡ. ಅದರ ಜೊತೆಗೆ ಒಂದು ಪ್ರತಿ ಸರ್ವರ್‌ನಿಂದ ಹೊರಗೆ ಇರಬೇಕು. ಸರ್ವರ್ ಬಿದ್ದಾಗ ಅದರೊಳಗಿನ ವಿಕಿ ಓದಲು ಆಗಲ್ಲ ಅಲ್ವಾ?

ಬರೆದಾದ ಮೇಲೆ ತಂಡಕ್ಕೆ ಹೊಸದಾಗಿ ಬಂದವರನ್ನು ಟೆಸ್ಟ್ ಸರ್ವರ್ ಮುಂದೆ ಕೂರಿಸಿ, ಈ ಪುಟ ಕೊಡಿ. ಬರೆದವರು ಪಕ್ಕದಲ್ಲಿ ಬಾಯಿ ಮುಚ್ಚಿಕೊಂಡು ಕೂರಬೇಕು. ಅವರು ಎಲ್ಲಿ ತಲೆ ಕೆರೆದುಕೊಂಡರೋ ಅಲ್ಲಿ ಒಂದು ಸಾಲು ಬಿಟ್ಟುಹೋಗಿದೆ ಅಂತ ಅರ್ಥ.

ಪ್ರಶ್ನೆ: ದಿನಾ ರಾತ್ರಿ ಬ್ಯಾಕಪ್ ಆಗುತ್ತದೆ, ವಿಫಲವಾದರೆ ಮೇಲ್ ಬರುತ್ತದೆ. ಇಷ್ಟು ಸಾಕಲ್ಲವೇ?

ಉತ್ತರ: ಸಾಕಾಗಲ್ಲ. 2017ರ ಜನವರಿ 31ರಂದು ಕೋಡ್ ಇಡುವ ಸೇವೆ ಕೊಡುವ ಗಿಟ್‌ಲ್ಯಾಬ್‌ನಲ್ಲಿ ಎಂಜಿನಿಯರ್ ಒಬ್ಬರು ತಪ್ಪಾದ ಸರ್ವರ್‌ನಲ್ಲಿ ಡೇಟಾ ಫೋಲ್ಡರ್ ಅಳಿಸಿಬಿಟ್ಟರು. ಬ್ಯಾಕಪ್ ಹುಡುಕಿದರೆ ಇರಲಿಲ್ಲ. ಬ್ಯಾಕಪ್ ತೆಗೆಯುವ ಪ್ರೋಗ್ರಾಂ ಪೋಸ್ಟ್‌ಗ್ರೆಸ್ 9.2ರದ್ದು, ಡೇಟಾಬೇಸ್ 9.6. ಹಾಗಾಗಿ ಅದು ವಿಫಲವಾಗುತ್ತಲೇ ಇತ್ತು. ಎಚ್ಚರಿಸಬೇಕಾದ ಮೇಲ್‌ಗಳು ಸಹಿ ಸರಿಯಿಲ್ಲವೆಂದು ತಿರಸ್ಕೃತವಾಗಿದ್ದವು, ಯಾರಿಗೂ ತಲುಪಿರಲಿಲ್ಲ. ಆರು ಗಂಟೆ ಹಿಂದೆ ಬೇರೆ ಕೆಲಸಕ್ಕೆಂದು ಕೈಯಾರೆ ತೆಗೆದಿದ್ದ ಸ್ನ್ಯಾಪ್‌ಶಾಟ್ (ಆ ಕ್ಷಣದ ಡೇಟಾದ ಪ್ರತಿ) ಕೈಹಿಡಿಯಿತು. ಅವರು ಇದನ್ನೆಲ್ಲ ಮುಚ್ಚಿಡದೆ ಬರೆದರು, ಅದು ದೊಡ್ಡತನ.

ನೀವು ತಿಂಗಳಿಗೊಮ್ಮೆ ಬ್ಯಾಕಪ್ಪನ್ನು ಬೇರೊಂದು ಯಂತ್ರದಲ್ಲಿ ರಿಸ್ಟೋರ್ ಮಾಡಿ, ನಿನ್ನೆಯ ದಾಖಲೆ ಅಲ್ಲಿದೆಯಾ ನೋಡಿ. ಎಷ್ಟು ಹೊತ್ತು ಹಿಡಿಯಿತು ಅಂತ ಬರೆದಿಡಿ. ಗ್ರಾಹಕರು ಕೇಳುವ ಮೊದಲ ಪ್ರಶ್ನೆ ಅದೇ. ಮೇಲ್ ಬರಲಿಲ್ಲ ಅಂದರೆ ಎಲ್ಲ ಸರಿಯಿದೆ ಅಂದುಕೊಳ್ಳಬೇಡಿ.

ಪ್ರಶ್ನೆ: ಕೋಡ್‌ನ ಪ್ರತಿ ಫಂಕ್ಷನ್‌ಗೂ ಕಮೆಂಟ್ (ವಿವರಣೆಯ ಸಾಲು) ಬರೆಯಲೇಬೇಕು ಅಂತಾರೆ ನಮ್ಮ ಮ್ಯಾನೇಜರ್. ಸರಿಯೇ?

ಉತ್ತರ: ಹೊರಗಿನವರು ಬಳಸುವ ಎಪಿಐ (ಬೇರೆ ಪ್ರೋಗ್ರಾಂಗಳು ನಮ್ಮದನ್ನು ಕರೆಯುವ ದಾರಿ) ಆದರೆ ಸರಿ. ಉಳಿದ ಕಡೆ ಹೀಗೆ ಕಡ್ಡಾಯ ಮಾಡಿದರೆ ಕಾಟಾಚಾರದ ಕಮೆಂಟ್ ಜಾಸ್ತಿಯಾಗುತ್ತದೆ. ಕೋಡ್‌ನಲ್ಲಿ ಟೈಮ್‌ಔಟ್ 55 ಅಂತಿದ್ದರೆ, ಮೇಲೆ ‘ಟೈಮ್‌ಔಟ್ 55 ಸೆಕೆಂಡ್’ ಅಂತ ಬರೆದು ಏನು ಪ್ರಯೋಜನ? ‘ಎಂಜಿನ್‌ಎಕ್ಸ್ 60 ಸೆಕೆಂಡ್‌ಗೆ ಕೈಬಿಡುತ್ತದೆ, ಅದಕ್ಕೂ ಮೊದಲು ನಾವೇ ನಿಲ್ಲಿಸಿ ಸರಿಯಾದ ಸಂದೇಶ ತೋರಿಸಬೇಕು’ ಅಂತ ಬರೆದರೆ, ಮುಂದೆ ಅದನ್ನು 120 ಮಾಡಲು ಹೊರಟವರು ಒಂದು ಕ್ಷಣ ನಿಲ್ಲುತ್ತಾರೆ. ಗಿಟ್‌ಗೆ ಬದಲಾವಣೆ ಸೇರಿಸುವಾಗ ಬರೆಯುವ ಕಮಿಟ್ ಮೆಸೇಜ್‌ಗೂ ಇದೇ ಮಾತು. ‘ಬಗ್ ಫಿಕ್ಸ್’ ಅಂತ ಹಾಕಿದರೆ ಎರಡು ವರ್ಷದ ನಂತರ ಬರೆದವರಿಗೇ ಅದು ತಿಳಿಯಲ್ಲ.

ಪ್ರಶ್ನೆ: ಸೈಟ್‌ನ ಸುರಕ್ಷಿತ ಸಂಪರ್ಕಕ್ಕೆ (ಎಚ್‌ಟಿಟಿಪಿಎಸ್) ಬೇಕಾದ, ಉಚಿತವಾಗಿ ಸಿಗುವ ಲೆಟ್ಸ್ ಎನ್‌ಕ್ರಿಪ್ಟ್ ಸರ್ಟಿಫಿಕೇಟ್ ತಾನಾಗಿ ನವೀಕರಣವಾಗಿತ್ತು. ಆದರೂ ಬ್ರೌಸರ್ ಅವಧಿ ಮುಗಿದಿದೆ ಅಂದಿತು. ಯಾಕೆ?

ಉತ್ತರ: ಹೊಸ ಫೈಲ್ ಡಿಸ್ಕ್‌ಗೆ ಬಂದಿದೆ, ಎಂಜಿನ್‌ಎಕ್ಸ್ ಮಾತ್ರ ಹಳೆಯದನ್ನೇ ಮೆಮೊರಿಯಲ್ಲಿ ಇಟ್ಟುಕೊಂಡಿದೆ. ನವೀಕರಣವಾದ ಕೂಡಲೇ ರೀಲೋಡ್ ಆಗುವಂತೆ ಸರ್ಟಿಫಿಕೇಟ್ ತರುವ ಪ್ರೋಗ್ರಾಂ ಸರ್ಟ್‌ಬಾಟ್‌ನಲ್ಲಿ ಡಿಪ್ಲಾಯ್ ಹುಕ್ (ನವೀಕರಣದ ನಂತರ ತಾನೇ ಓಡುವ ಕಮಾಂಡ್) ಹಾಕಿ. ಅವಧಿ ಮುಗಿಯುವ ಮುನ್ನ ಬರುತ್ತಿದ್ದ ಎಚ್ಚರಿಕೆಯ ಮೇಲ್‌ಗಳನ್ನು ಲೆಟ್ಸ್ ಎನ್‌ಕ್ರಿಪ್ಟ್ 2025ರ ಜೂನ್‌ನಲ್ಲಿ ನಿಲ್ಲಿಸಿದೆ. ಹಾಗಾಗಿ ಹೊರಗಿನಿಂದ ಸೈಟ್‌ನ ಸರ್ಟಿಫಿಕೇಟ್ ದಿನಾಂಕ ನೋಡುವ ವ್ಯವಸ್ಥೆ ನಿಮ್ಮದೇ ಇರಲಿ. ಹಣ ಕೊಟ್ಟು ಕೊಂಡ ಸರ್ಟಿಫಿಕೇಟನ್ನು ವರ್ಷಕ್ಕೊಮ್ಮೆ ಕೈಯಲ್ಲಿ ಹಾಕುವ ಕಾಲವೂ ಮುಗಿಯುತ್ತಿದೆ. ಗರಿಷ್ಠ ಅವಧಿ 2026ರ ಮಾರ್ಚ್‌ನಿಂದ 200 ದಿನ, 2027ರ ಮಾರ್ಚ್‌ನಿಂದ 100, 2029ರ ಮಾರ್ಚ್‌ನಿಂದ 47 ದಿನ.