ಯೇಹು ಮಾಡಿದ್ದು ದೇವರ ಕೆಲಸವೋ, ತನ್ನದೋ?

ಪ್ರಶ್ನೆ: ಇಸ್ರಾಯೇಲಿನ ರಾಜ ಅಹಾಬನ ಮನೆತನವನ್ನು ಅಳಿಸಲಿಕ್ಕೆ ಸೇನಾಪತಿ ಯೇಹುವಿಗೆ ರಾಜನಾಗಿ ಅಭಿಷೇಕ ಮಾಡಿಸಿದ್ದು ದೇವರೇ. ಆದರೆ ಅವನು ಮಾಡಿದ ಕೊಲೆಗಳನ್ನು ಓದಿದರೆ ಮೈ ನಡುಗುತ್ತದೆ. ನ್ಯಾಯ ತೀರಿಸಲು ಇಂಥವನೇ ಬೇಕಿತ್ತಾ?

ಉತ್ತರ: ನಿಮಗೆ ಕಸಿವಿಸಿ ಆಗಿದ್ದು ಒಳ್ಳೆಯದೇ. ಬೈಬಲಿನ ಎರಡನೇ ಅರಸುಗಳ ಪುಸ್ತಕದ 9 ಮತ್ತು 10ನೇ ಅಧ್ಯಾಯ ಓದಿ ಏನೂ ಅನ್ನಿಸದಿದ್ದರೆ ಸುಮ್ನೆ ಕಣ್ಣಾಡಿಸಿದ್ದೀರಿ ಅಂತ ಅಂದುಕೊಳ್ಳುತ್ತಿದ್ದೆ.

ಮೊದಲು ನಾಬೋತನನ್ನು ನೆನಪಿಸಿಕೊಳ್ಳಿ. ಇಜ್ರೇಲಿನಲ್ಲಿ ಅರಮನೆ ಪಕ್ಕ ಅವನದೊಂದು ದ್ರಾಕ್ಷಿತೋಟ. ಅಹಾಬ ಅದನ್ನು ಕೇಳಿದಾಗ, ಪಿತ್ರಾರ್ಜಿತ ಆಸ್ತಿ, ಕೊಡಲ್ಲ ಅಂದ. ರಾಣಿ ಈಜೆಬೆಲ್ ಗಂಡನ ಹೆಸರಿನಲ್ಲಿ ಊರ ಹಿರಿಯರಿಗೆ ಕಾಗದ ಬರೆದು ಮುದ್ರೆ ಒತ್ತಿದಳು, ಇಬ್ಬರು ಸುಳ್ಳು ಸಾಕ್ಷಿಗಳು ಎದ್ದು ನಿಂತರು, ನಾಬೋತನನ್ನು ಊರ ಹೊರಗೆ ಎಳೆದೊಯ್ದು ಕಲ್ಲೆಸೆದು ಕೊಂದರು. ನೋಡಲಿಕ್ಕೆ ಎಲ್ಲವೂ ಕಾನೂನು ಪ್ರಕಾರವೇ! ಇದಕ್ಕೆ ಲೆಕ್ಕ ಕೇಳಲು ಬಂದವನು ಪ್ರವಾದಿ ಎಲೀಯ ಒಬ್ಬನೇ.

ವರ್ಷಗಳು ಕಳೆದ ಮೇಲೆ ಯೇಹು, ಆಗ ರಾಜನಾಗಿದ್ದ ಅಹಾಬನ ಮಗ ಯೋರಾಮನನ್ನು ಬಾಣ ಬಿಟ್ಟು ಕೊಲ್ಲುತ್ತಾನೆ. ಆಮೇಲೆ ಪಕ್ಕದಲ್ಲಿದ್ದ ತನ್ನ ಅಧಿಕಾರಿ ಬಿದ್ಕಾರನ ಕಡೆ ತಿರುಗಿ, ಹಿಂದೆ ನಾವಿಬ್ಬರೂ ಅಹಾಬನ ಹಿಂದೆ ಸವಾರಿ ಹೋಗುತ್ತಿದ್ದಾಗ ಯೆಹೋವನು ಅವನ ವಿಷಯ ಏನು ಹೇಳಿದ್ದನೆಂದು ನೆನಪಿದೆಯಲ್ಲಾ, ಹೆಣವನ್ನು ನಾಬೋತನ ಹೊಲದಲ್ಲೇ ಎಸೆ ಅನ್ನುತ್ತಾನೆ. ನನಗೆ ಈ ಜಾಗ ತುಂಬಾ ಇಷ್ಟ. ಅರಮನೆ ಮರೆತಿದ್ದ ಬಡಪಾಯಿಯ ಕೇಸು ಒಬ್ಬ ಒರಟು ಸೈನಿಕನ ತಲೆಯಲ್ಲಿ ಅಷ್ಟು ವರ್ಷ ಕೂತಿತ್ತು.

ಯೇಹು ಅಲ್ಲಿಗೆ ನಿಲ್ಲಿಸಲಿಲ್ಲ, ತೊಂದರೆ ಇರೋದೇ ಅಲ್ಲಿ. ಈಜೆಬೆಲಳನ್ನು ಕಿಟಕಿಯಿಂದ ಕೆಳಗೆ ಹಾಕಿಸಿ, ಒಳಗೆ ಹೋಗಿ ಊಟ ಮಾಡಿ, ಆಮೇಲೆ ಅವಳನ್ನು ಹೂಣಿಡಲು ಹೇಳಿದ. ಅಹಾಬನ 70 ಗಂಡುಮಕ್ಕಳು ರಾಜಧಾನಿ ಸಮಾರ್ಯದಲ್ಲಿದ್ದರು. ಯೇಹು ಏನು ಮಾಡಿದ ಗೊತ್ತಾ? ಅವರ ತಲೆಗಳನ್ನು ತನ್ನಿ ಅಂತ ಊರ ಹಿರಿಯರಿಗೆ ಕಾಗದ ಬರೆದ. ಹೌದು, ಈಜೆಬೆಲಳ ಹಾಗೇ! 70 ತಲೆಗಳು ಬುಟ್ಟಿಯಲ್ಲಿ ಇಜ್ರೇಲಿಗೆ ಬಂದವು. ಊರಬಾಗಿಲಲ್ಲಿ ಎರಡು ರಾಶಿ ಹಾಕಿಸಿ, ಬೆಳಿಗ್ಗೆ ಏನೂ ಗೊತ್ತಿಲ್ಲದವನ ಹಾಗೆ, ನನ್ನ ದಣಿಯನ್ನು ಕೊಂದವನು ನಾನೇ, ಆದರೆ ಇವರನ್ನೆಲ್ಲ ಕೊಂದವರು ಯಾರು ಅಂತ ಜನರನ್ನು ಕೇಳಿದ. ದಾರಿಯಲ್ಲಿ ಸಿಕ್ಕಿದ ಯೆಹೂದ ರಾಜನ ಕಡೆಯ 42 ಜನರನ್ನೂ ಬಿಡಲಿಲ್ಲ.

ಬೈಬಲ್ ಇದನ್ನು ಮುಚ್ಚಿಡುವುದಿಲ್ಲ. ಅಹಾಬನ ಮನೆಗೆ ಮಾಡಿದ್ದು ಸರಿ, ನಿನ್ನ ಸಂತತಿಯವರು ನಾಲ್ಕನೇ ತಲೆಮಾರಿನ ತನಕ ಸಿಂಹಾಸನದಲ್ಲಿ ಕೂರುತ್ತಾರೆ ಅಂತ ದೇವರು ಅವನಿಗೆ ಹೇಳಿದ್ದೂ ಅದೇ ಅಧ್ಯಾಯದಲ್ಲಿದೆ. ಪಕ್ಕದ ವಚನದಲ್ಲೇ ಅವನು ದೇವರ ನಿಯಮವನ್ನು ಪೂರ್ಣಮನಸ್ಸಿನಿಂದ ಪಾಲಿಸಲಿಲ್ಲ ಅಂತಲೂ ಇದೆ. ಈಜೆಬೆಲಳ ದೇವರು ಬಾಳನ ಗುಡಿ ಕೆಡವಿದವನು ಬೇತೇಲಿನ ಮತ್ತು ದಾನಿನ ಚಿನ್ನದ ಕರುಗಳನ್ನು ಮುಟ್ಟಲಿಲ್ಲ. ಜನ ಪೂಜೆಗೆ ಯೆರೂಸಲೇಮಿಗೆ ಹೋಗದಿರಲೆಂದು ಹಿಂದಿನ ರಾಜನೊಬ್ಬ ನಿಲ್ಲಿಸಿದ ವಿಗ್ರಹಗಳು ಅವು. ಅವು ಸಿಂಹಾಸನಕ್ಕೆ ಬೇಕಿದ್ದವು, ಅಲ್ವಾ?

ಅಂದರೆ ತೀರ್ಪು ದೇವರದು, ಅದನ್ನು ನಡೆಸಿದ ಕೈಯ ಲೆಕ್ಕ ಬೇರೆ. ಇದು ನನ್ನ ಓದು, ಒಪ್ಪದವರೂ ಇದ್ದಾರೆ. ಆದರೆ ಯೇಹುವಿನ ಮರಿಮಗ ಆಳುತ್ತಿದ್ದ ಕಾಲದಲ್ಲಿ ಪ್ರವಾದಿ ಹೋಶೇಯನಿಗೆ ಗಂಡುಮಗು ಹುಟ್ಟಿದಾಗ, ಇಜ್ರೇಲಿನ ರಕ್ತಕ್ಕಾಗಿ ಯೇಹುವಿನ ಮನೆಯವರನ್ನು ದಂಡಿಸುತ್ತೇನೆ, ಮಗುವಿಗೆ ಇಜ್ರೇಲ್ ಅಂತಲೇ ಹೆಸರಿಡು ಅಂದ ದೇವರು. ಹೋಶೇಯ ಮಗನನ್ನು ಊಟಕ್ಕೆ ಕರೆದಾಗಲೆಲ್ಲ ಆ ಊರಿನ ಹೆಸರೇ ಕೇಳಿಸುತ್ತಿತ್ತು.