ಮಷಿನ್ ನಂಬರ್ ಕಳಿಸುತ್ತದೆ, ಅದನ್ನು ನೋಡುವವರು ಯಾರು?

ಈ ಸಲ ಬಂದ ಪ್ರಶ್ನೆಗಳಲ್ಲಿ ಬಹುಪಾಲು ಫೋನ್, ವಿಡಿಯೋ ಮೂಲಕ ಸಿಗುವ ಚಿಕಿತ್ಸೆಯ ಬಗ್ಗೆಯೇ ಇದ್ದವು. ನಾಲ್ಕನ್ನು ಆರಿಸಿಕೊಂಡಿದ್ದೇನೆ. ಮೊದಲನೆಯದಕ್ಕೆ ಉತ್ತರ ಉದ್ದವಾಗಿದೆ, ಯಾಕಂದರೆ ಅದು ಬಹಳ ಮನೆಗಳ ಪ್ರಶ್ನೆ.

ಪ್ರಶ್ನೆ: ಡಾಕ್ಟರೇ, ನಮ್ಮ ಅಪ್ಪನಿಗೆ 71 ವರ್ಷ. ಶಿರಸಿ ಕಡೆ ಹಳ್ಳಿಯಲ್ಲಿ ಅಮ್ಮನ ಜೊತೆ ಇದ್ದಾರೆ. ಹೋದ ತಿಂಗಳು ಹಾರ್ಟ್ ಫೇಲ್ಯೂರ್ ಆಗಿ ಒಂಬತ್ತು ದಿನ ಅಡ್ಮಿಟ್ ಆಗಿದ್ದರು. ಈಗ ಆಸ್ಪತ್ರೆಯವರು ಮನೆಗೆ ತೂಕದ ಮಷಿನ್, ಬಿಪಿ ಮಷಿನ್ ಕೊಡುತ್ತೇವೆ, ರೀಡಿಂಗ್ ಫೋನ್ ಮೂಲಕ ನಮಗೇ ಬರುತ್ತದೆ, ತಿಂಗಳಿಗೆ ಇಷ್ಟು ಕಟ್ಟಿ ಅನ್ನುತ್ತಿದ್ದಾರೆ. ನಾನಿರುವುದು ಬೆಂಗಳೂರಿನಲ್ಲಿ. ಇದರಿಂದ ನಿಜಕ್ಕೂ ಉಪಯೋಗ ಇದೆಯಾ?

ಉತ್ತರ: ಆಗಬಹುದು, ಆಗದೆಯೂ ಇರಬಹುದು. ಅದು ಮಷಿನ್ ಮೇಲೆ ಕಮ್ಮಿ, ಆ ಕಡೆ ಕೂತವರ ಮೇಲೆ ಜಾಸ್ತಿ ನಿಂತಿದೆ. ದುಡ್ಡು ಕಟ್ಟುವ ಮೊದಲು ಆಸ್ಪತ್ರೆಯವರನ್ನು ಹೀಗೆ ಕೇಳಿ. ಭಾನುವಾರ ಬೆಳಿಗ್ಗೆ ಅಪ್ಪನ ತೂಕ ಎರಡು ಕೆಜಿ ಜಾಸ್ತಿ ತೋರಿಸಿತು ಅಂತಿಟ್ಟುಕೊಳ್ಳಿ, ಅದನ್ನು ಯಾರು ನೋಡುತ್ತಾರೆ? ಎಷ್ಟು ಗಂಟೆಯೊಳಗೆ? ನೋಡಿದವರು ಅಲ್ಲೇ ಮಾತ್ರೆ ಬದಲಿಸಿ ಹೇಳುತ್ತಾರಾ, ಅಥವಾ "ಬಂದು ತೋರಿಸಿ" ಅಂತ ಒಂದು ಮೆಸೇಜ್ ಬರುತ್ತದೆ ಅಷ್ಟೇನಾ?

ಯಾಕೆ ಇಷ್ಟು ಒತ್ತಿ ಹೇಳುತ್ತಿದ್ದೇನೆ ಅಂದರೆ, ಇದೇ ಕಾಯಿಲೆಯ ಮೇಲೆ ನಡೆದ ಎರಡು ದೊಡ್ಡ ಅಧ್ಯಯನಗಳು ತದ್ವಿರುದ್ಧ ಉತ್ತರ ಕೊಟ್ಟಿವೆ.

ಒಂದು ಅಮೆರಿಕದ್ದು, ಟೆಲಿ-ಎಚ್‌ಎಫ್, ಫಲಿತಾಂಶ ಬಂದಿದ್ದು 2010ರಲ್ಲಿ. ಹಾರ್ಟ್ ಫೇಲ್ಯೂರ್‌ನಿಂದ ಆಸ್ಪತ್ರೆಗೆ ಹೋಗಿ ಬಂದ 1,653 ಜನರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿನವರು ದಿನಾ ಒಂದು ನಂಬರಿಗೆ ಫೋನ್ ಮಾಡಬೇಕು. ರೆಕಾರ್ಡ್ ಮಾಡಿದ ದನಿ ತೂಕ ಎಷ್ಟು, ಉಸಿರು ಹೇಗಿದೆ ಅಂತ ಕೇಳುತ್ತದೆ, ಇವರು ಫೋನಿನ ಬಟನ್ ಒತ್ತಿ ಉತ್ತರ ಹೇಳಬೇಕು. ಆರು ತಿಂಗಳಾದ ಮೇಲೆ ಲೆಕ್ಕ ಹಾಕಿದಾಗ, ಮತ್ತೆ ಆಸ್ಪತ್ರೆ ಸೇರಿದವರು ಅಥವಾ ತೀರಿಕೊಂಡವರು ಫೋನ್ ಗುಂಪಿನಲ್ಲಿ ಶೇ 52.3, ಮಾಮೂಲಿ ಚಿಕಿತ್ಸೆಯ ಗುಂಪಿನಲ್ಲಿ ಶೇ 51.5. ಅಂದರೆ ಏನೂ ಫರಕು ಬೀಳಲಿಲ್ಲ. ಶೇ 14 ಜನ ಒಂದು ಸಲವೂ ಫೋನ್ ಮಾಡಿರಲೇ ಇಲ್ಲ. ಕೊನೆಯ ವಾರದ ಹೊತ್ತಿಗೆ ವಾರಕ್ಕೆ ಮೂರು ಸಲವಾದರೂ ಮಾಡುತ್ತಿದ್ದವರು ಶೇ 55 ಮಾತ್ರ. ನನಗೆ ಇದರಲ್ಲಿ ಆಶ್ಚರ್ಯ ಕಾಣುವುದಿಲ್ಲ, ಕಾಯಿಲೆಯಿಂದ ಸೋತಿರುವ ಮನುಷ್ಯ ದಿನಾ ಒಂದು ಯಂತ್ರದ ದನಿಗೆ ಎಷ್ಟು ದಿನ ಅಂತ ಉತ್ತರ ಕೊಡುತ್ತಾನೆ ಹೇಳಿ.

ಇನ್ನೊಂದು ಜರ್ಮನಿಯ ಟಿಮ್-ಎಚ್‌ಎಫ್2, ಬಂದಿದ್ದು 2018ರಲ್ಲಿ. ಇಲ್ಲಿ 1,538 ರೋಗಿಗಳ ಲೆಕ್ಕ ಸಿಕ್ಕಿತು. ಟೆಲಿ ಗುಂಪಿನವರು ದಿನಾ ತೂಕ, ಬಿಪಿ, ಇಸಿಜಿ, ಬೆರಳಿಗೆ ಹಾಕಿ ನೋಡುವ ಆಕ್ಸಿಜನ್, ಎಲ್ಲವನ್ನೂ ಮನೆಯಿಂದಲೇ ಕಳಿಸುತ್ತಿದ್ದರು. ಬರ್ಲಿನ್ನಿನ ಶಾರಿಟೆ ಆಸ್ಪತ್ರೆಯಲ್ಲಿ ಡಾಕ್ಟರುಗಳು, ನರ್ಸ್‌ಗಳು ಹಗಲೂ ರಾತ್ರಿ, ಭಾನುವಾರವೂ ಕೂತಿರುತ್ತಿದ್ದರು. ನಂಬರ್ ಹೆಚ್ಚುಕಮ್ಮಿ ಆದರೆ ರೋಗಿಗೆ ಫೋನ್ ಮಾಡುವುದು, ಮಾತ್ರೆ ಬದಲಿಸುವುದು, ಊರಿನ ಡಾಕ್ಟರಿಗೆ ಹೇಳುವುದು, ಬೇಕಾದರೆ ಅಡ್ಮಿಟ್ ಮಾಡಿಸುವುದು, ಇವೆಲ್ಲ ಅವರದೇ ಕೆಲಸ. ಅದಲ್ಲದೆ ತಿಂಗಳಿಗೊಮ್ಮೆ ನರ್ಸ್ ಫೋನ್ ಮಾಡಿ ಸಾವಧಾನವಾಗಿ ಮಾತಾಡುತ್ತಿದ್ದರು. ಹಠಾತ್ತಾಗಿ ಆಸ್ಪತ್ರೆ ಸೇರಿ ಅಥವಾ ಸಾವಿನಿಂದ ಕಳೆದುಹೋದ ದಿನಗಳು ಮಾಮೂಲಿ ಚಿಕಿತ್ಸೆಯ ಗುಂಪಿನಲ್ಲಿ ವರ್ಷಕ್ಕೆ ಸರಾಸರಿ 24.2 ಇದ್ದರೆ ಟೆಲಿ ಗುಂಪಿನಲ್ಲಿ 17.8 ಮಾತ್ರ. ಸಾವು ಮಾಮೂಲಿ ಗುಂಪಿನಲ್ಲಿ ವರ್ಷಕ್ಕೆ ನೂರು ಜನರಲ್ಲಿ ಹನ್ನೊಂದಕ್ಕಿಂತ ಸ್ವಲ್ಪ ಜಾಸ್ತಿ, ಟೆಲಿ ಗುಂಪಿನಲ್ಲಿ ಎಂಟರ ಹತ್ತಿರ. ಹೃದಯದ ಕಾರಣದ ಸಾವನ್ನೇ ಬೇರೆ ಮಾಡಿ ಎಣಿಸಿದಾಗ ವ್ಯತ್ಯಾಸ ಅಷ್ಟು ಖಚಿತವಾಗಿ ಕಾಣಲಿಲ್ಲ, ಅದನ್ನೂ ಹೇಳಿಬಿಡುತ್ತೇನೆ.

ಎರಡು ಅಧ್ಯಯನಗಳ ನಡುವೆ ಎಂಟು ವರ್ಷ ಇದೆ, ದೇಶ ಬೇರೆ, ರೋಗಿಗಳು ಬೇರೆ. ಹಾಗಾಗಿ ಎಲ್ಲ ವ್ಯತ್ಯಾಸಕ್ಕೂ ಒಂದೇ ಕಾರಣ ಅನ್ನಲಿಕ್ಕೆ ಬರುವುದಿಲ್ಲ. ಆದರೂ ಎರಡನ್ನೂ ಪಕ್ಕಪಕ್ಕ ಇಟ್ಟು ಓದಿದಾಗ ನನ್ನ ಕಣ್ಣಿಗೆ ಮೊದಲು ಬೀಳುವುದು ಆ ಕಡೆ ಎಚ್ಚರ ಇದ್ದ ಡಾಕ್ಟರು, ನರ್ಸು.

ಈಗ ನಿಮ್ಮ ಮನೆಗೆ ಬರೋಣ. ಹಾರ್ಟ್ ಫೇಲ್ಯೂರ್‌ನಲ್ಲಿ ಹೃದಯದ ಪಂಪ್ ಸೋತು ಮೈಯಲ್ಲಿ ನೀರು ನಿಲ್ಲುತ್ತದೆ. ಸಾಮಾನ್ಯವಾಗಿ ಉಬ್ಬಸ ಬರುವುದಕ್ಕೆ ಕೆಲವು ದಿನ ಮುಂಚೆಯೇ ಆ ನೀರು ತೂಕದಲ್ಲಿ ಕಾಣಿಸಿಕೊಳ್ಳುತ್ತದೆ. ಮೂರು ದಿನದಲ್ಲಿ ಎರಡು ಕೆಜಿಗಿಂತ ಜಾಸ್ತಿ ಏರಿದರೆ ಡಾಕ್ಟರಿಗೆ ಹೇಳಲೇಬೇಕು. ದಿನಾ ಬೆಳಿಗ್ಗೆ ಎದ್ದು, ಮೂತ್ರಕ್ಕೆ ಹೋಗಿಬಂದು, ಕಾಫಿ ಕುಡಿಯುವ ಮೊದಲು, ಹೆಚ್ಚುಕಮ್ಮಿ ಅಷ್ಟೇ ಬಟ್ಟೆಯಲ್ಲಿ ತೂಕ ನೋಡಬೇಕು. ಮಷಿನ್ ಸಮನೆಲದ ಮೇಲಿರಲಿ. ಸೆಗಣಿ ಸಾರಿಸಿದ ಮಣ್ಣಿನ ನೆಲವಾದರೆ ಕೆಳಗೆ ಒಂದು ಗಟ್ಟಿ ಹಲಗೆ ಇಡಿ.

ನನ್ನ ಹತ್ತಿರ ಬರುವ ಅಡಿಕೆ ತೋಟದ ಹಿರಿಯರೊಬ್ಬರಿದ್ದಾರೆ. ಅವರ ಹೆಂಡತಿ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಕೆಳಗೇ ಗಂಡನ ತೂಕ ಬರೆಯುತ್ತಾರೆ. ಒಂದು ವಾರ ಅಲ್ಲಿ 58, 58.4, 59.6, 60.3 ಅಂತ ಸಾಲಾಗಿ ಬಂತು. ಆ ಅಮ್ಮ ಸಿಗ್ನಲ್ ಸಿಗುವ ರಸ್ತೆ ತಿರುವಿನವರೆಗೆ ನಡೆದುಬಂದು ನಮ್ಮ ನರ್ಸ್‌ಗೆ ಫೋನ್ ಮಾಡಿದರು. "ಕಾಲು ಒತ್ತಿದರೆ ಗುಳಿ ಬೀಳ್ತದೆ, ಉಸಿರಿಗೆ ಏನೂ ಆಗಿಲ್ಲ" ಅಂದರು. ನೀರಿನ ಮಾತ್ರೆಯನ್ನು, ಅಂದರೆ ಮೈಯ ನೀರನ್ನು ಮೂತ್ರದಲ್ಲಿ ಹೊರಹಾಕುವ ಮಾತ್ರೆಯನ್ನು, ಮೂರು ದಿನಕ್ಕೆ ಹೆಚ್ಚಿಸಿ ಹೇಳಿದೆವು, ವಾರದೊಳಗೆ ತೂಕ 58ರ ಹತ್ತಿರ ಬಂತು, ಅಡ್ಮಿಟ್ ಮಾಡುವುದು ತಪ್ಪಿತು. ನೀವು ಮಾತ್ರ ಡಾಕ್ಟರನ್ನು ಕೇಳದೆ ಆ ಮಾತ್ರೆ ಹೆಚ್ಚುಕಮ್ಮಿ ಮಾಡಬೇಡಿ, ಕಿಡ್ನಿಗೆ ಪೆಟ್ಟು ಬೀಳಬಹುದು, ಪೊಟ್ಯಾಶಿಯಂ ಕೆಳಗಿಳಿಯಬಹುದು.

ಹಾಗಾಗಿ ನಿಮಗೆ ನನ್ನ ಸಲಹೆ ಇಷ್ಟು. ಆಸ್ಪತ್ರೆಯವರು ನನ್ನ ಆ ಭಾನುವಾರದ ಪ್ರಶ್ನೆಗೆ ಸರಿಯಾದ ಉತ್ತರ ಕೊಟ್ಟರೆ ದುಡ್ಡು ಕಟ್ಟಿ. ಕೊಡದಿದ್ದರೆ ಒಂದು ಒಳ್ಳೆಯ ತೂಕದ ಮಷಿನ್ ಕೊಂಡುಕೊಡಿ, ಅಮ್ಮನ ಕೈಗೆ ಪೆನ್ನು ಕೊಡಿ, ಫೋನ್ ಎತ್ತಿ ಮಾತಾಡುವ ಒಬ್ಬ ಡಾಕ್ಟರು ಅಥವಾ ನರ್ಸ್ ನಂಬರನ್ನು ಅದೇ ಕ್ಯಾಲೆಂಡರಿನ ಮೇಲೆ ದೊಡ್ಡದಾಗಿ ಬರೆದಿಡಿ.

ಪ್ರಶ್ನೆ: ನನಗೆ 48, ಬಿಪಿ ಇದೆ. ದಿನಾ ಬೆಳಿಗ್ಗೆ, ಸಂಜೆ ನೋಡಿ ಡಾಕ್ಟರಿಗೆ ವಾಟ್ಸಾಪ್ ಮಾಡುತ್ತೇನೆ. ಅವರು ಉತ್ತರವನ್ನೇ ಕೊಡುವುದಿಲ್ಲ. ಆ್ಯಪ್ ಹಾಕಿಕೊಳ್ಳಬೇಕಾ?

ಉತ್ತರ: ಬೇಡ, ಮೊದಲು ದಿನಾ ಕಳಿಸುವುದನ್ನು ನಿಲ್ಲಿಸಿ. ಬ್ರಿಟನ್ನಿನಲ್ಲಿ ನಡೆದ ಟಾಸ್ಮಿನ್-ಎಚ್4 ಅನ್ನುವ ಅಧ್ಯಯನ 2018ರಲ್ಲಿ ಬಂತು, 1,182 ಬಿಪಿ ರೋಗಿಗಳು ಅದರಲ್ಲಿದ್ದರು. ಒಂದು ಗುಂಪು ಮನೆಯಲ್ಲಿ ಬಿಪಿ ನೋಡಿ ಕಾಗದದಲ್ಲಿ ಬರೆದು ಕಳಿಸಿತು. ಇನ್ನೊಂದು ಗುಂಪು ಫೋನ್ ಮೂಲಕ ಕಳಿಸಿತು. ಮೂರನೆಯದು ಎಂದಿನಂತೆ ಕ್ಲಿನಿಕ್ಕಿಗೆ ಹೋಗಿ ತೋರಿಸಿಕೊಂಡಿತು. ಒಂದು ವರ್ಷದ ಮೇಲೆ ಮೇಲಿನ ಬಿಪಿ ಕ್ಲಿನಿಕ್ ಗುಂಪಿನಲ್ಲಿ 140.4, ಕಾಗದದವರಲ್ಲಿ 137.0, ಫೋನಿನವರಲ್ಲಿ 136.4. ಫೋನಿನವರಿಗೆ ಬಿಪಿ ಸ್ವಲ್ಪ ಬೇಗ ಇಳಿಯಿತು ಅನ್ನುವುದು ನಿಜ, ಆದರೆ ವರ್ಷದ ಕೊನೆಗೆ ಕಾಗದಕ್ಕೂ ಫೋನಿಗೂ ಹೇಳಿಕೊಳ್ಳುವಂಥ ಅಂತರ ಇರಲಿಲ್ಲ ಅಲ್ವಾ?

ಆ ಅಧ್ಯಯನದ ರೋಗಿಗಳು ದಿನಾ ಬಿಪಿ ನೋಡುತ್ತಿರಲಿಲ್ಲ ಅನ್ನುವುದನ್ನು ಗಮನಿಸಿ. ತಿಂಗಳ ಮೊದಲ ವಾರ ಬೆಳಿಗ್ಗೆ ಎರಡು ಸಲ, ಸಂಜೆ ಎರಡು ಸಲ, ಅಷ್ಟೇ. ಡಾಕ್ಟರು ಆ ವಾರದ ಸರಾಸರಿ ನೋಡಿ ಮಾತ್ರೆ ಹೆಚ್ಚಿಸಬೇಕಾ ಅಂತ ತೀರ್ಮಾನ ಮಾಡುತ್ತಿದ್ದರು. ನೀವೂ ಹಾಗೇ ಮಾಡಿ. ಐದು ನಿಮಿಷ ಸುಮ್ನೆ ಕೂತು, ಬೆನ್ನಿಗೆ ಆಸರೆ, ಕಾಲು ನೆಲದ ಮೇಲೆ, ಪಟ್ಟಿ ಕಟ್ಟಿದ ತೋಳು ಎದೆಯ ಮಟ್ಟಕ್ಕೆ. ಒಂದು ವಾರದ ರೀಡಿಂಗ್ ಒಂದೇ ಚೀಟಿಯಲ್ಲಿ ಬರೆದು, ಸರಾಸರಿ ತೆಗೆದು, ತಿಂಗಳಿಗೊಮ್ಮೆ ಕಳಿಸಿ. ಮನೆಯ ಸರಾಸರಿ 135/85ಕ್ಕಿಂತ ಮೇಲಿದ್ದರೆ ಮಾತ್ರೆ ಬಗ್ಗೆ ಕೇಳಿ. ದಿನಕ್ಕೆರಡು ಮೆಸೇಜ್ ಕಳಿಸಿದರೆ ನೋಡಬೇಕಾದ ನಂಬರೇ ಅದರಲ್ಲಿ ಮುಳುಗಿಹೋಗುತ್ತದೆ.

ಪ್ರಶ್ನೆ: ನಾನು ಉಪಕೇಂದ್ರದಲ್ಲಿ ಸಿಎಚ್‌ಒ, ಅಂದರೆ ಸಮುದಾಯ ಆರೋಗ್ಯ ಅಧಿಕಾರಿ. ದೂರದ ಡಾಕ್ಟರನ್ನು ವಿಡಿಯೋದಲ್ಲಿ ಕೇಳುವ ಸರ್ಕಾರದ ಇ-ಸಂಜೀವಿನಿಯಲ್ಲಿ ದಿನಕ್ಕೆ ಇಷ್ಟು ಕರೆ ಆಗಬೇಕು ಅಂತ ಮೇಲಿನವರು ಹೇಳುತ್ತಾರೆ. ಇದರಿಂದ ಜನರ ಆರೋಗ್ಯ ಸುಧಾರಿಸುತ್ತದೆ ಅಂತ ಯಾರಾದರೂ ತೋರಿಸಿದ್ದಾರಾ?

ಉತ್ತರ: ನಿಮ್ಮ ಪ್ರಶ್ನೆ ಓದಿ ತುಂಬ ಖುಷಿಯಾಯಿತು, ಇದನ್ನು ಕೇಳಬೇಕಾದವರು ಕೇಳುತ್ತಿದ್ದೀರಿ. ಇ-ಸಂಜೀವಿನಿ 2019ರಲ್ಲಿ ಶುರುವಾಗಿ 2023ರ ಫೆಬ್ರವರಿ ಹೊತ್ತಿಗೆ ಹತ್ತು ಕೋಟಿ ಸಮಾಲೋಚನೆ ದಾಟಿತು. ಅದು ಎಷ್ಟು ಜನರನ್ನು ತಲುಪಿದೆ ಅನ್ನುವುದಕ್ಕೆ ಗುರುತು. ಅವರ ಬಿಪಿ ಇಳಿಯಿತಾ, ಶುಗರ್ ಹತೋಟಿಗೆ ಬಂತಾ ಅನ್ನುವುದನ್ನು ಬೇರೆಯಾಗಿಯೇ ಅಳೆಯಬೇಕು.

ನಮ್ಮ ರಾಜ್ಯದಲ್ಲೇ ಇದಕ್ಕೆ ಹತ್ತಿರದ ಒಂದು ಪರೀಕ್ಷೆ ಆಗಿದೆ. ಎಂವೆಲ್‌ಕೇರ್ ಅಂತ ಹೆಸರು. ಹರಿಯಾಣ ಮತ್ತು ಕರ್ನಾಟಕದ 40 ಸಮುದಾಯ ಆರೋಗ್ಯ ಕೇಂದ್ರಗಳು, 3,700ರಷ್ಟು ಬಿಪಿ, ಶುಗರ್ ರೋಗಿಗಳು. ಅರ್ಧ ಕೇಂದ್ರಗಳಲ್ಲಿ ನರ್ಸ್ ಕೈಗೆ ಟ್ಯಾಬ್ ಕೊಟ್ಟರು. ರೋಗಿಯ ವಿವರ ಹಾಕಿದರೆ ಯಾವ ಚಿಕಿತ್ಸೆ ಸೂಕ್ತ ಅಂತ ಅದು ಸೂಚಿಸುತ್ತಿತ್ತು, ಡಾಕ್ಟರು ನೋಡಿ ನಿರ್ಧರಿಸುತ್ತಿದ್ದರು. ಇನ್ನರ್ಧ ಕೇಂದ್ರಗಳಿಗೆ ತರಬೇತಿ ಕೊಟ್ಟು ಚಿಕಿತ್ಸೆಯ ಚಾರ್ಟ್ ಕೊಟ್ಟರು, ಟ್ಯಾಬ್ ಇಲ್ಲ. 2019ರಲ್ಲಿ ಫಲಿತಾಂಶ ಬಂತು. ಎರಡೂ ಕಡೆ ಬಿಪಿ ಇಳಿದಿತ್ತು, ಎರಡೂ ಕಡೆ ಹೆಚ್ಚುಕಮ್ಮಿ ಒಂದೇ ಅಳತೆಗೆ! ಟ್ಯಾಬ್‌ನಿಂದ ಹೆಚ್ಚಿನ ಲಾಭ ಕಾಣಲಿಲ್ಲ. ಇದನ್ನು ಸೋಲು ಅಂತ ಓದುವುದು ನನಗೆ ಸರಿ ಕಾಣುವುದಿಲ್ಲ. ನನಗೆ ಇದರಲ್ಲಿ ಕಾಣುವುದು ತರಬೇತಿ ಪಡೆದು ರೋಗಿಯನ್ನು ಮತ್ತೆ ಮತ್ತೆ ಕರೆಸಿ ನೋಡುವ ನರ್ಸ್‌ನ ಬೆಲೆ. ಅದು ನೀವೇ.

ದೂರದ ಕಣ್ಣು ನಿಜವಾಗಿ ಕೆಲಸ ಮಾಡಿದ್ದಕ್ಕೆ ಉದಾಹರಣೆ ಬೇಕಾದರೆ ಕಿಡ್ರಾಪ್ ನೋಡಿ. ತಿಂಗಳು ತುಂಬದೆ ಹುಟ್ಟಿದ ಮಕ್ಕಳ ಕಣ್ಣಿನ ಹಿಂಪರದೆಯಲ್ಲಿ ರಕ್ತನಾಳ ಅಡ್ಡಾದಿಡ್ಡಿ ಬೆಳೆದು ಕುರುಡು ಬರುವುದುಂಟು. ಹೊರಗಿನಿಂದ ನೋಡಿದರೆ ಕಣ್ಣು ಚೆನ್ನಾಗಿಯೇ ಕಾಣುತ್ತದೆ, ತಾಯಿಗೆ ಗೊತ್ತಾಗುವುದೇ ಇಲ್ಲ. ಹುಟ್ಟಿದ 30 ದಿನದೊಳಗೆ ಕಣ್ಣು ನೋಡಿಸಬೇಕು, ಬೇಕಾದರೆ ಲೇಸರ್ ಮಾಡಬೇಕು. ಜಿಲ್ಲೆಗಳಲ್ಲಿ ಇದನ್ನು ನೋಡಬಲ್ಲ ತಜ್ಞರೇ ಕಮ್ಮಿ. ಬೆಂಗಳೂರಿನ ನಾರಾಯಣ ನೇತ್ರಾಲಯದವರು 2008ರಲ್ಲಿ ಡಾ. ಆನಂದ್ ವಿಣೇಕರ್ ಮುಂದಾಳತ್ವದಲ್ಲಿ ಏನು ಮಾಡಿದರು ಅಂದರೆ, ತರಬೇತಿ ಕೊಟ್ಟ ಟೆಕ್ನೀಶಿಯನ್‌ಗಳನ್ನು ಕ್ಯಾಮೆರಾ ಸಮೇತ ಜಿಲ್ಲೆಗಳ ನವಜಾತ ಶಿಶು ಘಟಕಗಳಿಗೆ ಕಳಿಸಿದರು. ಅವರು ಮಗುವಿನ ಕಣ್ಣಿಗೆ ಹನಿ ಹಾಕಿ, ಪುಟ್ಟ ರೆಪ್ಪೆ ಬಿಡಿಸಿ ಹಿಡಿದು, ಹಿಂಪರದೆಯ ಫೋಟೊ ತೆಗೆದು, ತಾವೇ ಮೊದಲ ತೀರ್ಮಾನ ಬರೆಯುತ್ತಾರೆ. ತಜ್ಞರು ಬೆಂಗಳೂರಿನಲ್ಲಿ ಫೋನಿನಲ್ಲೇ ಫೋಟೊ ನೋಡಿ ವರದಿ ಕೊಡುತ್ತಾರೆ. ಲೇಸರ್ ಬೇಕಾದ ಮಗುವಿಗೆ ಚಿಕಿತ್ಸೆಯೂ ಬೇಗ ಸಿಗುವ ಏರ್ಪಾಡು ಇದೆ. ಫೋಟೊ ತೆಗೆದು ಸುಮ್ಮನಾಗುವುದಿಲ್ಲ.

ನಿಮ್ಮ ಕೇಂದ್ರದಲ್ಲಿ ಇವತ್ತೇ ಒಂದು ಕೆಲಸ ಶುರುಮಾಡಬಹುದು. ಕರೆ ಮುಗಿದ ಪ್ರತಿಯೊಬ್ಬರ ಹೆಸರಿನ ಮುಂದೆ ಮೂರು ಕಾಲಂ ಹಾಕಿ. ಬರೆದ ಮಾತ್ರೆ ನಮ್ಮಲ್ಲಿ ಇತ್ತಾ, ತಗೊಂಡರಾ, ತಿಂಗಳ ಮೇಲೆ ಬಿಪಿ ಎಷ್ಟು. ಮೂರು ತಿಂಗಳ ಈ ಪುಸ್ತಕವನ್ನು ತಾಲೂಕು ಆರೋಗ್ಯಾಧಿಕಾರಿಗೆ ತೋರಿಸಿ, ಕರೆಗಳ ಸಂಖ್ಯೆಗಿಂತ ಅದು ಜಾಸ್ತಿ ಮಾತಾಡುತ್ತದೆ.

ಪ್ರಶ್ನೆ: ನಮ್ಮ ತಾಯಿಯನ್ನು ಒಂದು ಟೆಲಿಮೆಡಿಸಿನ್ ಅಧ್ಯಯನಕ್ಕೆ ಸೇರಿಸಿ ಅಂತ ಕೇಳುತ್ತಿದ್ದಾರೆ. ಯಾವ ಗುಂಪು ಅನ್ನುವುದನ್ನು ಕಂಪ್ಯೂಟರ್ ಚೀಟಿ ಎತ್ತಿದ ಹಾಗೆ ತೀರ್ಮಾನಿಸುತ್ತದಂತೆ. ಕಾಯಿಲೆಯವರ ಜೊತೆ ಹೀಗೆ ಮಾಡುವುದು ಸರಿಯಾ?

ಉತ್ತರ: ನಿಮ್ಮ ಅಳುಕು ಅರ್ಥವಾಗುತ್ತದೆ. ಚೀಟಿ ಎತ್ತದೆ ಇಷ್ಟಪಟ್ಟವರಿಗೆ ಮಾತ್ರ ಮಷಿನ್ ಕೊಟ್ಟರೆ ಏನಾಗುತ್ತದೆ ನೋಡಿ. ಉತ್ಸಾಹ ಇರುವವರು, ಮನೆಯಲ್ಲಿ ಓದಿದ ಮಕ್ಕಳಿರುವವರು, ಮಾತ್ರೆ ಮರೆಯದವರು ಆ ಗುಂಪಿಗೆ ಸೇರಿಬಿಡುತ್ತಾರೆ. ಆಮೇಲೆ ಅವರು ಚೆನ್ನಾಗಿದ್ದರೆ ಅದು ಮಷಿನ್‌ನಿಂದಲೋ ಅವರ ಶಿಸ್ತಿನಿಂದಲೋ ಹೇಳಲಿಕ್ಕೆ ಬರುವುದಿಲ್ಲ. ಯಾವುದು ಒಳ್ಳೆಯದು ಅಂತ ನಮಗೇ ಖಚಿತ ಇಲ್ಲದಾಗ ಮಾತ್ರ ಹೀಗೆ ಮಾಡುತ್ತೇವೆ, ಮತ್ತು ಇಂಥ ಅಧ್ಯಯನದಲ್ಲಿ ಇನ್ನೊಂದು ಗುಂಪಿಗೂ ಎಂದಿನ ಚಿಕಿತ್ಸೆ ಇದ್ದೇ ಇರಬೇಕು.

ಇಂಗ್ಲೆಂಡಿನಲ್ಲಿ 3,230 ಜನರ ಮೇಲೆ ನಡೆದ ಒಂದು ದೊಡ್ಡ ಟೆಲಿಹೆಲ್ತ್ ಪರೀಕ್ಷೆಯಲ್ಲಿ ಒಂದು ವರ್ಷದಲ್ಲಿ ತೀರಿಕೊಂಡವರು ಟೆಲಿ ಗುಂಪಿನಲ್ಲಿ ಶೇ 4.6, ಇನ್ನೊಂದರಲ್ಲಿ ಶೇ 8.3. ಅದೇ ಪರೀಕ್ಷೆಯಲ್ಲಿ ರೋಗಿಗಳ ದಿನನಿತ್ಯದ ಬದುಕು ಸುಧಾರಿಸಿದ್ದು ಕಾಣಲಿಲ್ಲ, ಖರ್ಚು ನೋಡಿದರೆ ಬಹಳ ದುಬಾರಿ ಬಿತ್ತು. ಜನ ಒಪ್ಪಿ ಸೇರಿದ್ದಕ್ಕೇ ಈ ಎಲ್ಲ ಮುಖಗಳೂ ಗೊತ್ತಾಗಿದ್ದು.

ಸೇರಿಸುವ ಮೊದಲು ಸಿಟಿಆರ್‌ಐ ನಂಬರ್ ಕೇಳಿ. ಅದು ದೇಶದ ಕ್ಲಿನಿಕಲ್ ಟ್ರಯಲ್ ನೋಂದಣಿ, ಯಾರು ಬೇಕಾದರೂ ವೆಬ್‌ಸೈಟಿನಲ್ಲಿ ನೋಡಬಹುದು. ಎಥಿಕ್ಸ್ ಕಮಿಟಿ, ಅಂದರೆ ಅಧ್ಯಯನದಿಂದ ರೋಗಿಗೆ ಅನ್ಯಾಯ ಆಗದಂತೆ ನೋಡುವ ಸಮಿತಿಯ ಒಪ್ಪಿಗೆ ಇದೆಯಾ, ತಾಯಿಯ ವಿವರ ಎಲ್ಲಿ ಇಡುತ್ತಾರೆ, ತೊಂದರೆ ಆದರೆ ಯಾರಿಗೆ ಫೋನ್ ಮಾಡಬೇಕು ಕೇಳಿ. ಬೇಡ ಅನಿಸಿದ ದಿನ ಹೊರಗೆ ಬರಬಹುದು, ಅದರಿಂದ ಅವರ ಎಂದಿನ ಚಿಕಿತ್ಸೆಗೆ ಅಡ್ಡಿ ಆಗಕೂಡದು. ಒಪ್ಪಿಗೆ ಪತ್ರ ಕನ್ನಡದಲ್ಲೇ ಇರಲಿ. ಸಹಿ ಹಾಕುವವರು ನಿಮ್ಮ ತಾಯಿ, ಹಾಗಾಗಿ ನೀವು ಓದಿ ಹೇಳುವುದಲ್ಲದೆ ಅವರೇ ಪ್ರಶ್ನೆ ಕೇಳಲಿಕ್ಕೆ ಬಿಡಿ, ಅವಸರ ಮಾಡಿದರೆ "ನಾಳೆ ಬರುತ್ತೇವೆ" ಅಂತ ಹೇಳಿ ಎದ್ದು ಬನ್ನಿ. ಸಹಿ ಆದ ಮೇಲೆ ಒಂದು ಪ್ರತಿ ತಗೊಂಡೇ ಮನೆಗೆ ಹೋಗಿ.