4294967297 ಅವಿಭಾಜ್ಯವೇ?
ನೂರರವರೆಗಿನ ಯಾವ ಸಂಖ್ಯೆಯಿಂದಲೂ 4294967297 ಭಾಗವಾಗಲಿಲ್ಲ, ಹಾಗಾದ್ರೆ ಇದು ಅವಿಭಾಜ್ಯ ಸಂಖ್ಯೆಯೇ ಅಂತ ಕೇಳಿದ್ದೀರಿ. ಅಲ್ಲ. ಇನ್ನೂ ಸ್ವಲ್ಪ ಮುಂದೆ ಹೋಗಬೇಕಿತ್ತು: 641 × 6700417.

ಇದು 2ರ 32ನೇ ಘಾತಕ್ಕೆ 1 ಕೂಡಿಸಿದ ಸಂಖ್ಯೆ. ಅವಿಭಾಜ್ಯವೆಂದೇ ಗಣಿತಜ್ಞ ಫರ್ಮಾ ನಂಬಿದ್ದ. 1732ರಲ್ಲಿ ಇನ್ನೊಬ್ಬ ಗಣಿತಜ್ಞ ಆಯ್ಲರ್ 641 ಇದರ ಭಾಜಕ ಅಂತ ತೋರಿಸಿದ.

ಸುಮ್ನೆ ಎಲ್ಲದರಿಂದಲೂ ಭಾಗಿಸುತ್ತಾ ಕೂರಬೇಕಿಲ್ಲ. ಇದರ ಯಾವುದೇ ಭಾಜಕವನ್ನು 64ರಿಂದ ಭಾಗಿಸಿದರೆ ಶೇಷ 1 ಉಳಿಯಲೇಬೇಕು. ಅಂಥ ಅವಿಭಾಜ್ಯಗಳು 193, 257, 449, 577, 641. ಐದನೆಯದಕ್ಕೇ ಸಿಕ್ಕಿಬೀಳುತ್ತದೆ! ಫರ್ಮಾ ಇಷ್ಟು ಯಾಕೆ ಮಾಡಿ ನೋಡಲಿಲ್ಲವೋ.

ನನಗೆ ಜಾಸ್ತಿ ಇಷ್ಟ, ಇದಕ್ಕಿಂತ 2 ಕಡಿಮೆ ಇರುವ 4294967295. ಅದು 3 × 5 × 17 × 257 × 65537. ಈ ಐದೂ 2ರ ಘಾತಕ್ಕೆ 1 ಕೂಡಿಸಿದವೇ, ಐದೂ ಅವಿಭಾಜ್ಯ. ಬೇಕಾದ್ರೆ ಕ್ಯಾಲ್ಕುಲೇಟರಿನಲ್ಲಿ ಗುಣಿಸಿ ನೋಡಿ.